ಸತ್ತ ದನಕ್ಕೆ ವಿಷ ಹಾಕಿದರೆ ಸಾಯೋದು ಯಾರು? ಆಫ್ರಿಕಾದ ರಣಹದ್ದುಗಳಿಂದ ಒಂದು ಪಾಠ



ಈ ವಾರ ಬೆಳೆ ವಿಚಾರ ಬರೀತಿಲ್ಲ, ಆಫ್ರಿಕಾದ ರಣಹದ್ದುಗಳ ವಿಚಾರ ಬರೀತಿದೀನಿ. "ಅವಕ್ಕೂ ನಮಗೂ ಏನು ಸಂಬಂಧ?" ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಈ ಕತೆಯಲ್ಲಿ ಇರೋದು ನಮ್ಮಂಥ ದನ ಸಾಕುವವರು, ನಮ್ಮ ಶೆಡ್ಡಿನಲ್ಲಿರುವಂಥದ್ದೇ ಔಷಧಿ ಮತ್ತು ನಮಗೆ ಬರುವಂಥದ್ದೇ ಸಿಟ್ಟು.

ಹೋದ ವರ್ಷ ಬೇಸಿಗೆಯಲ್ಲಿ ಪಕ್ಕದ ತೋಟದ ಮಾವನ ಕರುವನ್ನು ಚಿರತೆ ಹಿಡಿಯಿತು. ಎಂಟು ತಿಂಗಳ ಹೆಣ್ಣು ಕರು. ಅರ್ಧ ತಿಂದು, ಉಳಿದದ್ದನ್ನು ಬೇಲಿ ಪಕ್ಕ ಬಿಟ್ಟು ಹೋಗಿತ್ತು. ಬೆಳಿಗ್ಗೆ ಮಾವ ನಮ್ಮನೆ ಬಾಗಿಲಿಗೆ ಬಂದರು.

"ಏನಮ್ಮಾ, ನೀನು ಸಾವಯವ ಶುರು ಮಾಡೋಕೆ ಮುಂಚೆ ಬಾಳೆ ಗುಣಿಗೆ ಹಾಕ್ತಿದ್ದೆಯಲ್ಲ ಆ ಹರಳು, ಉಳಿದಿದ್ರೆ ಒಂದು ಹಿಡಿ ಕೊಡು. ರಾತ್ರಿ ಅದು ಮತ್ತೆ ಬಂದೇ ಬರುತ್ತೆ. ತಿಂದು ಸಾಯ್ಲಿ."

ಹರಳು ಉಳಿದಿತ್ತು. ಅಟ್ಟದ ಮೇಲೆ ಅರ್ಧ ಪ್ಯಾಕೆಟ್ ಕಾರ್ಬೋಫ್ಯೂರಾನ್. "ಇಲ್ಲ ಮಾವ, ಎಲ್ಲಾ ಖಾಲಿ ಆಗಿದೆ" ಅಂದೆ. ಸುಳ್ಳು ಹೇಳಿದೆ. ಕರು ಕಳಕೊಂಡು ನಿಂತಿರುವ ಮನುಷ್ಯನಿಗೆ ಯಾಕೆ ಕೊಡಲ್ಲ ಅಂತ ಬಿಡಿಸಿ ಹೇಳೋ ಧೈರ್ಯ ಬರಲಿಲ್ಲ. ಅವತ್ತು ಹೇಳಬೇಕಿದ್ದ ಮಾತನ್ನು ಈಗ ಇಲ್ಲಿ ಬರೀತಿದೀನಿ.

ಒಂದು ಹೆಣಕ್ಕೆ ನೂರಾರು ಹಕ್ಕಿ ಬರೋದು ಹೇಗೆ?

ಆಫ್ರಿಕಾದ ಹುಲ್ಲುಗಾವಲುಗಳಲ್ಲಿ ಬೆಳ್ಬೆನ್ನಿನ ರಣಹದ್ದು, ರಪೆಲ್ ರಣಹದ್ದು ಮುಂತಾದ ಜಾತಿಗಳಿವೆ. ರಪೆಲ್ ರಣಹದ್ದು ಎಷ್ಟು ಎತ್ತರಕ್ಕೆ ಹಾರುತ್ತೆ ಅಂದ್ರೆ, 1973ರಲ್ಲಿ ಐವರಿ ಕೋಸ್ಟ್ ದೇಶದ ಅಬಿಜಾನ್ ಮೇಲೆ, 37,000 ಅಡಿ ಎತ್ತರದಲ್ಲಿ ಒಂದು ವಿಮಾನಕ್ಕೆ ಡಿಕ್ಕಿ ಹೊಡೆದಿತ್ತು.

ಇವು ಬಹುಮಟ್ಟಿಗೆ ಕಣ್ಣಿನಿಂದಲೇ ಆಹಾರ ಹುಡುಕುತ್ತವೆ. ಆಕಾಶದಲ್ಲಿ ದೂರ ದೂರ ಹಾರುತ್ತಾ, ನೆಲದ ಜೊತೆಗೆ ಒಂದನ್ನೊಂದು ನೋಡಿಕೊಂಡಿರುತ್ತವೆ. ಒಂದು ಕೆಳಗೆ ಇಳಿದರೆ ಪಕ್ಕದ್ದು ಅದನ್ನು ನೋಡಿ ಇಳಿಯುತ್ತೆ, ಅದನ್ನು ನೋಡಿ ಇನ್ನೊಂದು. ಹೀಗೆ ಸ್ವಲ್ಪ ಹೊತ್ತಿನಲ್ಲೇ ಒಂದು ಹೆಣದ ಸುತ್ತ ಹತ್ತಾರು, ಕೆಲವೊಮ್ಮೆ ನೂರಾರು ಹಕ್ಕಿ ಸೇರುತ್ತವೆ. ಪ್ರಕೃತಿ ಕೊಟ್ಟ ಈ ಜಾಣತನವೇ ವಿಷದ ಮುಂದೆ ಅವುಗಳಿಗೆ ಮುಳುವಾಗುತ್ತೆ. ವಿಷ ಹಾಕುವವನ ಮನಸ್ಸಿನಲ್ಲಿ ಇರೋದು ಒಂದು ಸಿಂಹವೋ ಕತ್ತೆಕಿರುಬವೋ. ಆದರೆ ಊಟಕ್ಕೆ ಇಳಿಯೋದು ಇಡೀ ಆಕಾಶ.

ಸತ್ತ ಹಕ್ಕಿಗಳ ಜಾಗ ಬೇಗ ತುಂಬುವುದೂ ಇಲ್ಲ. ರಣಹದ್ದು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತೆ. ಮರಿ ಬೆಳೆದು ತಾನು ಮೊಟ್ಟೆ ಇಡೋಕೆ ನಾಲ್ಕೈದು ವರ್ಷ ಬೇಕು. ಒಂದು ಬೆಳಿಗ್ಗೆ ನೂರು ಹಕ್ಕಿ ಸತ್ತರೆ ಆ ಲೆಕ್ಕ ಸರಿಹೋಗೋಕೆ ದಶಕಗಳೇ ಬೇಕಾಗಬಹುದು.

ಹಕ್ಕಿ ಕಡಿಮೆ ಆಗಿದೆ ಅಂತ ಗೊತ್ತಾಗಿದ್ದು ಹೇಗೆ?

"ನಮ್ಮ ಕಾಲದಲ್ಲಿ ಜಾಸ್ತಿ ಇತ್ತು" ಅಂತ ಹಿರಿಯರು ಹೇಳ್ತಾರೆ. ಅದು ನಿಜವಾ, ಬರೀ ನೆನಪಾ ಅಂತ ತಿಳಿಯೋಕೆ ಲೆಕ್ಕ ಬೇಕು. ಆಫ್ರಿಕಾದಲ್ಲಿ ಬೇಟೆ ಹಕ್ಕಿಗಳ ಲೆಕ್ಕಕ್ಕೆ ಬಳಸಿದ್ದು ತುಂಬಾ ಸರಳವಾದ ವಿಧಾನ. ಒಂದು ರಸ್ತೆ ಗೊತ್ತುಮಾಡಿಕೊಂಡು, ಗಾಡಿಯನ್ನು ನಿಧಾನಕ್ಕೆ ಓಡಿಸುತ್ತಾ, ಕಣ್ಣಿಗೆ ಬಿದ್ದ ಹದ್ದು, ಗಿಡುಗ, ರಣಹದ್ದುಗಳನ್ನೆಲ್ಲ ಬರೆದುಕೊಳ್ಳುವುದು. ವರ್ಷಗಳ ಮೇಲೆ ಅದೇ ಕಡೆ, ಅದೇ ಕ್ರಮದಲ್ಲಿ ಮತ್ತೆ ಎಣಿಸುವುದು. ನೂರು ಕಿಲೋಮೀಟರಿಗೆ ಆಗ ಎಷ್ಟು, ಈಗ ಎಷ್ಟು ಅಂತ ಹೋಲಿಸುವುದು. ನಾವು ಹೊಲದಲ್ಲಿ ಸಾಲು ಹಿಡಿದು ಹುಳ ಎಣಿಸ್ತೀವಲ್ಲ, ಹೆಚ್ಚುಕಮ್ಮಿ ಅದೇ ಥರ.

ಫ್ರಾನ್ಸಿನ ವಿಜ್ಞಾನಿ ಜೀನ್ ಮಾರ್ಕ್ ಥಿಯೊಲೆ ಪಶ್ಚಿಮ ಆಫ್ರಿಕಾದ ಮಾಲಿ, ಬುರ್ಕಿನಾ ಫಾಸೊ, ನೈಜರ್ ದೇಶಗಳಲ್ಲಿ 1969ರಿಂದ 1973ರವರೆಗೆ ಹೀಗೆ ಎಣಿಸಿದ್ದರು. ಮೂವತ್ತು ವರ್ಷ ಆದಮೇಲೆ, 2003 ಮತ್ತು 2004ರಲ್ಲಿ ಅವರೇ ಮತ್ತೆ ಹೋಗಿ ಎಣಿಸಿದರು. ದೊಡ್ಡ ರಣಹದ್ದು, ದೊಡ್ಡ ಹದ್ದುಗಳು ಸಂರಕ್ಷಿತ ಕಾಡಿನ ಹೊರಗೆ ಬಹುತೇಕ ಕಾಣೆಯಾಗಿದ್ದವು. ಕೀನ್ಯಾದಲ್ಲೂ 1970ರ ದಶಕದ ಎಣಿಕೆಯನ್ನು 2003ರಿಂದ 2020ರವರೆಗಿನ ಎಣಿಕೆ ಜೊತೆ ಹೋಲಿಸಿದರು. 22 ಜಾತಿಗಳಲ್ಲಿ 19 ಇಳಿದಿದ್ದವು.

ಆಫ್ರಿಕಾದ ನಾಲ್ಕು ಭಾಗಗಳ ಇಂಥ ಎಣಿಕೆಗಳನ್ನೆಲ್ಲ ಒಟ್ಟು ಸೇರಿಸಿದ ಅಧ್ಯಯನ 2024ರ ಜನವರಿಯಲ್ಲಿ ಪ್ರಕಟವಾಯಿತು. ಅದರಲ್ಲಿ ನೋಡಿದ 42 ಜಾತಿಯ ಬೇಟೆ ಹಕ್ಕಿಗಳಲ್ಲಿ 37 ಕಡಿಮೆಯಾಗಿವೆ. ಸಂರಕ್ಷಿತ ಪ್ರದೇಶದ ಒಳಗಿಗಿಂತ ಹೊರಗೆ, ಅಂದ್ರೆ ಹೊಲ, ಗೋಮಾಳ, ಊರು ಇರುವ ಕಡೆ, ಇಳಿಕೆ ಎರಡು ಪಟ್ಟಿಗಿಂತ ಹೆಚ್ಚು. ನನಗೆ ಮುಖ್ಯ ಅನ್ನಿಸಿದ್ದು ಈ ಮಾತು. ಈ ಹಕ್ಕಿಗಳ ಅಳಿವು ಉಳಿವು ಅಭಯಾರಣ್ಯದ ಗೇಟಿನ ಒಳಗೆ ಮಾತ್ರ ತೀರ್ಮಾನ ಆಗಲ್ಲ. ರೈತರ ಜಮೀನಿನಲ್ಲೂ ಆಗುತ್ತೆ.

ಎರಡನೇ ವಿಧಾನ ಬೆನ್ನ ಮೇಲಿನ ಟ್ಯಾಗು. ಕೀನ್ಯಾದ ಮಸಾಯ್ ಮಾರಾದಲ್ಲಿ 2009ರಿಂದ ರಣಹದ್ದುಗಳಿಗೆ ಜಿಪಿಎಸ್ ಟ್ಯಾಗ್ ಕಟ್ಟಿದರು. ಶಾಲೆ ಮಕ್ಕಳ ಬ್ಯಾಗ್ ಥರ ಬೆನ್ನಿಗೆ ಕಟ್ಟುವ ಪುಟ್ಟ ಯಂತ್ರ. ನಮ್ಮ ಮೊಬೈಲಿನ ಹಾಗೆ ಟವರ್ ಮೂಲಕ ಹಕ್ಕಿ ಎಲ್ಲಿದೆ ಅಂತ ತಿಳಿಸುತ್ತೆ. ಗೊತ್ತಾದದ್ದೇನಂದ್ರೆ, ಒಂದು ಹಕ್ಕಿ ದಿನಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ಹೋಗಬಲ್ಲದು. ಅದಕ್ಕೆ ಪಾರ್ಕಿನ ಗಡಿಯೂ ಇಲ್ಲ, ದೇಶದ ಗಡಿಯೂ ಇಲ್ಲ. ಟ್ಯಾಗ್ ಕಟ್ಟಿದ ಹಕ್ಕಿ ಗಂಟೆಗಟ್ಟಲೆ ನೆಲದ ಮೇಲೆ ಅಲ್ಲಾಡದೆ ಇದ್ದರೆ ಏನೋ ಆಗಿದೆ ಅಂತ ಅರ್ಥ. ಹುಡುಕಿಕೊಂಡು ಹೋದವರಿಗೆ ಒಂದು ಹಕ್ಕಿ ಅಲ್ಲ, ಹತ್ತಾರು ಹೆಣ ಸಿಕ್ಕಿರುವುದುಂಟು.

ಸಾಯುತ್ತಿರೋದು ಯಾಕೆ?

2016ರಲ್ಲಿ ಡಾರ್ಸಿ ಒಗಾಡಾ ಮತ್ತು ಸಂಗಡಿಗರು ಆಫ್ರಿಕಾದ 26 ದೇಶಗಳಲ್ಲಿ ವರದಿಯಾದ 7,819 ರಣಹದ್ದುಗಳ ಸಾವನ್ನು ಲೆಕ್ಕ ಹಾಕಿದರು. 61 ಶೇಕಡಾ ಸಾವಿಗೆ ಕಾರಣ ವಿಷ. 29 ಶೇಕಡಾ ನಾಟಿ ಔಷಧಿ, ಮಾಟಮಂತ್ರಕ್ಕಾಗಿ ಕೊಂದದ್ದು. ಉಳಿದವುಗಳಲ್ಲಿ ಹೆಚ್ಚಿನವು ವಿದ್ಯುತ್ ತಂತಿಗೆ ಸಿಕ್ಕಿದ್ದವು.

ವಿಷ ಹಾಕುವವರಲ್ಲಿ ಮುಖ್ಯವಾಗಿ ಎರಡು ಥರ. ಒಬ್ಬರು ಆನೆ ಕಳ್ಳಬೇಟೆಗಾರರು. ಆನೆ ಕೊಂದ ಜಾಗದ ಮೇಲೆ ರಣಹದ್ದು ಸುತ್ತಿದರೆ ಕಾವಲುಗಾರರಿಗೆ ಗೊತ್ತಾಗಿಬಿಡುತ್ತೆ. ಅದಕ್ಕೇ ಹೆಣಕ್ಕೆ ವಿಷ ಸುರಿದು ಹೋಗ್ತಾರೆ. 2019ರ ಜೂನ್‌ನಲ್ಲಿ ಬೋಟ್ಸ್ವಾನಾದಲ್ಲಿ ಹೀಗೆ ಮೂರು ಆನೆಗಳ ಹೆಣ ತಿಂದು 537 ರಣಹದ್ದುಗಳು ಸತ್ತವು. ಸರಿಯಾಗಿ ಓದಿ, ಮೂರು ಹೆಣಕ್ಕೆ 537.

ಇನ್ನೊಬ್ಬರು ನಮ್ಮಂಥವರು. ರಾತ್ರಿ ಸಿಂಹ ಹಸು ಹಿಡಿಯುತ್ತೆ. ಆ ಹಸು ಅಂದ್ರೆ ಮನೆಯ ಹಾಲು, ಮಕ್ಕಳ ಫೀಸು, ಕಷ್ಟಕಾಲದ ಗಂಟು. ಸಿಟ್ಟಿಗೆ ಉಳಿದ ಮಾಂಸದ ಮೇಲೆ ಕೀಟನಾಶಕ ಹಾಕ್ತಾರೆ. 2015ರ ಡಿಸೆಂಬರ್‌ನಲ್ಲಿ ಮಸಾಯ್ ಮಾರಾದಲ್ಲಿ ಹೀಗೇ ಆಯಿತು. ಟೀವಿಯಿಂದ ಜಗತ್ತಿಗೆಲ್ಲ ಪರಿಚಯವಾಗಿದ್ದ ಮಾರ್ಷ್ ಪ್ರೈಡ್ ಎಂಬ ಸಿಂಹದ ಗುಂಪು ವಿಷದ ಮಾಂಸ ತಿಂದು, ಕೆಲವು ಸಿಂಹಗಳು ಸತ್ತವು. ಜೊತೆಗೆ ರಣಹದ್ದುಗಳೂ ಸತ್ತವು.

ಕೀನ್ಯಾದಲ್ಲಿ ಈ ಕೆಲಸಕ್ಕೆ ಹೆಚ್ಚು ಹೆಸರಾಗಿದ್ದು ಫ್ಯೂರಡಾನ್ ಹೆಸರಿನಲ್ಲಿ ಮಾರುತ್ತಿದ್ದ ಕಾರ್ಬೋಫ್ಯೂರಾನ್. ಬಾಳೆಯ ಗೆಡ್ಡೆ ಹುಳ, ಜಂತುಹುಳಕ್ಕೆ ಅಂತ ನಾವು ಕಾಲೇಜಿನಲ್ಲಿ ಓದಿದ ಅದೇ ಹರಳು. ನರಗಳ ಕೆಲಸವನ್ನೇ ನಿಲ್ಲಿಸುವ ವಿಷ ಅದು. ಒಂದು ಹರಳು ಸಣ್ಣ ಹಕ್ಕಿಯನ್ನು ಕೊಲ್ಲಬಲ್ಲದು. ಸಿಂಹಗಳ ಸಾವಿನ ಸುದ್ದಿ ದೊಡ್ಡದಾದ ಮೇಲೆ, 2009ರಲ್ಲಿ ತಯಾರಕರು ಕೀನ್ಯಾದ ಅಂಗಡಿಗಳಿಂದ ಅದನ್ನು ವಾಪಸ್ ತೆಗೆದುಕೊಂಡರು. ಆದರೆ ಅಂಗಡಿಯಲ್ಲಿ ಒಂದು ಔಷಧಿ ನಿಂತರೆ ಇನ್ನೊಂದು ಸಿಗುತ್ತೆ. ಸಿಟ್ಟು ಮಾತ್ರ ಹಾಗೇ ಇರುತ್ತೆ.

2015ರಲ್ಲೇ ಆಫ್ರಿಕಾದ ನಾಲ್ಕು ಜಾತಿಯ ರಣಹದ್ದುಗಳನ್ನು ಅಳಿವಿನ ಅತ್ಯಂತ ಗಂಭೀರ ಅಂಚಿನಲ್ಲಿರುವ ಪಟ್ಟಿಗೆ ಸೇರಿಸಲಾಯಿತು. ಒಂದು ಕಾಲದಲ್ಲಿ ಎಲ್ಲೆಲ್ಲೂ ಕಾಣುತ್ತಿದ್ದ ಬೆಳ್ಬೆನ್ನಿನ ರಣಹದ್ದೂ ಅದರಲ್ಲಿದೆ.

ರಣಹದ್ದು ಇಲ್ಲದಿದ್ದರೆ ದನಕ್ಕೆ ಏನು ನಷ್ಟ?

ಕೀನ್ಯಾದ ಲೈಕಿಪಿಯಾದಲ್ಲಿ ಒಂದು ಪ್ರಯೋಗ ಮಾಡಿದರು. ಹೆಣಗಳನ್ನು ಬಯಲಲ್ಲಿಟ್ಟು, ರಣಹದ್ದು ಬಂದ ಕಡೆ ಏನಾಗುತ್ತೆ, ಬಾರದ ಕಡೆ ಏನಾಗುತ್ತೆ ಅಂತ ನೋಡಿದರು. ರಣಹದ್ದು ಇಲ್ಲದ ಕಡೆ ಹೆಣ ಕರಗೋಕೆ ಸುಮಾರು ಮೂರು ಪಟ್ಟು ಹೆಚ್ಚು ಸಮಯ ಬೇಕಾಯಿತು. ಅಲ್ಲಿಗೆ ಬಂದ ಕತ್ತೆಕಿರುಬ, ನರಿ ಥರದ ಪ್ರಾಣಿಗಳ ಸಂಖ್ಯೆಯೂ ಸರಾಸರಿ ಒಂದೂವರೆಯಿಂದ ನಾಲ್ಕಕ್ಕೂ ಹೆಚ್ಚಾಯಿತು. ಅವು ಒಂದಕ್ಕೊಂದು ತಾಗಿಕೊಂಡು ತಿನ್ನುವ ಹೊತ್ತೂ ಜಾಸ್ತಿಯಾಯಿತು.

ಇದರ ಅರ್ಥ ಸರಳ. ರಣಹದ್ದಿನ ಹೊಟ್ಟೆಯ ಆಮ್ಲ ತುಂಬಾ ಬಲವಾದದ್ದು, ಕೊಳೆತ ಮಾಂಸದ ಅನೇಕ ರೋಗಾಣುಗಳು ಅಲ್ಲೇ ಸಾಯುತ್ತವೆ. ನಾಯಿ ನರಿಗಳು ಹಾಗಲ್ಲ, ರೋಗವನ್ನು ಹೊತ್ತುಕೊಂಡು ಊರೊಳಗೆ ಬರುತ್ತವೆ. ಭಾರತದಲ್ಲಿ ರಣಹದ್ದು ಹೋದಮೇಲೆ ಬೀದಿನಾಯಿ ಹೆಚ್ಚಾದವು, ಅದರ ಜೊತೆಗೆ ಹುಚ್ಚುನಾಯಿ ಕಡಿತದ ಅಪಾಯವೂ ಹೆಚ್ಚಿತು. ನೋಡೋಕೆ ಚೆಂದ ಇಲ್ಲ ಅಂತ ನಾವು ಮುಖ ತಿರುಗಿಸುವ ಹಕ್ಕಿ, ಸಂಬಳ ಇಲ್ಲದೆ ನಮ್ಮ ಊರು ಗುಡಿಸುತ್ತಿತ್ತು.

ಅಲ್ಲಿನ ದನಗಾಹಿಗಳು ಕಂಡುಕೊಂಡ ದಾರಿ

"ವಿಷ ಹಾಕಬೇಡಿ" ಅಂತ ಬರೀ ಬೋರ್ಡು ಹಾಕಿದರೆ ಯಾರೂ ಕೇಳಲ್ಲ. ದನ ಉಳಿದರೆ ಮಾತ್ರ ವಿಷದ ಯೋಚನೆ ಬರಲ್ಲ. ಅದಕ್ಕೇ ಕೀನ್ಯಾದಲ್ಲಿ ಹಕ್ಕಿ ಉಳಿಸುವ ಕೆಲಸ ಶುರುವಾಗೋದು ದನದ ದೊಡ್ಡಿಯಿಂದ. ಮಸಾಯಿಗಳು ರಾತ್ರಿ ದನ ಕೂಡುವ ಜಾಗಕ್ಕೆ ಬೋಮಾ ಅಂತಾರೆ, ಸುತ್ತ ಮುಳ್ಳಿನ ಬೇಲಿ. ದನ ಬೆದರಿ ನುಗ್ಗಿದರೆ ಮುಳ್ಳುಬೇಲಿ ಒಡೆದು ದನ ಹೊರಗೆ ಬೀಳುತ್ತೆ, ಸಿಂಹಕ್ಕೆ ಬೇಕಾದ್ದೂ ಅದೇ. ಈಗ ಗಟ್ಟಿ ಕಂಬ ನೆಟ್ಟು ಚೈನ್‌ಲಿಂಕ್ ಮೆಶ್ ಕಟ್ಟಿ, ಹಳೇ ಎಣ್ಣೆ ಡ್ರಮ್ಮನ್ನು ತಟ್ಟಿ ಬಾಗಿಲು ಮಾಡ್ತಾರೆ.

ನಿಮ್ಮ ವಯಸ್ಸಿನವರಿಗೆ ಇಷ್ಟ ಆಗೋ ಇನ್ನೊಂದು ಸಂಗತಿ ಇದೆ. ನೈರೋಬಿ ರಾಷ್ಟ್ರೀಯ ಉದ್ಯಾನದ ಅಂಚಿನ ಕಿಟೆಂಗೆಲಾದಲ್ಲಿ ರಿಚರ್ಡ್ ಟುರೆರೆ ಅನ್ನೋ ಮಸಾಯ್ ಹುಡುಗ, ಹನ್ನೊಂದು ವರ್ಷದವನು. ಮನೆಯ ದನ ಕಾಯೋದು ಅವನ ಕೆಲಸ. ಸಿಂಹ ಓಡಿಸೋಕೆ ಮೊದಲು ಬೆಂಕಿ ಹಾಕಿದ, ಆಗಲಿಲ್ಲ. ಬೆದರುಬೊಂಬೆ ನಿಲ್ಲಿಸಿದ, ಮೊದಲ ದಿನ ಹೆದರಿದ ಸಿಂಹ ಎರಡನೇ ದಿನ ಹೆದರಲಿಲ್ಲ. ಒಂದು ರಾತ್ರಿ ಟಾರ್ಚ್ ಹಿಡಿದು ದೊಡ್ಡಿ ಸುತ್ತ ಓಡಾಡುವಾಗ ಸಿಂಹ ಹತ್ತಿರ ಬರಲಿಲ್ಲ. ಅಲ್ಲಾಡುವ ಬೆಳಕು ಕಂಡರೆ ಹೆದರುತ್ತೆ ಅಂತ ಹೊಳೆಯಿತು. ಹಳೇ ಕಾರ್ ಬ್ಯಾಟರಿ, ಸೋಲಾರ್ ಪ್ಯಾನೆಲ್, ಬೈಕಿನ ಇಂಡಿಕೇಟರ್ ಮಿನುಗಿಸುವ ಡಬ್ಬಿ, ಕೆಟ್ಟ ಟಾರ್ಚಿನ ಬಲ್ಬುಗಳನ್ನು ಜೋಡಿಸಿ, ಮಿಣಮಿಣ ಅನ್ನುವ ದೀಪದ ಸಾಲು ಮಾಡಿದ. ಯಾರೋ ಟಾರ್ಚ್ ಹಿಡಿದು ಓಡಾಡುತ್ತಿದ್ದಾರೆ ಅಂತ ಸಿಂಹಕ್ಕೆ ಭ್ರಮೆ. 2013ರಲ್ಲಿ ಟೆಡ್ ವೇದಿಕೆಯಲ್ಲಿ ಅವನು ಈ ಬಗ್ಗೆ ಮಾತಾಡಿದ್ದಾನೆ, ಯೂಟ್ಯೂಬಿನಲ್ಲಿ ನೋಡಬಹುದು. ದೀಪ ಒಂದನ್ನೇ ನಂಬಬೇಡಿ, ಪ್ರಾಣಿಗಳು ದಿನ ಕಳೆದಂತೆ ಒಗ್ಗಿಕೊಳ್ಳಬಹುದು. ಮೊದಲು ಗಟ್ಟಿ ದೊಡ್ಡಿ, ಆಮೇಲೆ ದೀಪ.

ಅಷ್ಟಾದರೂ ಎಲ್ಲೋ ವಿಷ ಬೀಳುತ್ತೆ. ಅದಕ್ಕೆ ಊರಿನವರಿಗೇ ತರಬೇತಿ ಕೊಡ್ತಾರೆ. ಸುದ್ದಿ ಬಂದ ಕೂಡಲೇ ಹೋಗಿ, ಬದುಕಿರುವ ಹಕ್ಕಿಗೆ ಚಿಕಿತ್ಸೆ ಕೊಡಿಸಿ, ವಿಷದ ಹೆಣವನ್ನೂ ಸತ್ತ ಹಕ್ಕಿಗಳನ್ನೂ ಸುಡುವುದು ಅಥವಾ ಆಳಕ್ಕೆ ಹೂಳುವುದು. ತಡವಾದಷ್ಟೂ ಸಾವು ಹೆಚ್ಚು, ಯಾಕಂದ್ರೆ ಆ ಹೆಣ ತಿನ್ನೋಕೆ ಹಕ್ಕಿ ಇಳಿಯುತ್ತಲೇ ಇರುತ್ತೆ.

ನಮ್ಮ ಹಸುವಿನ ಇಂಜೆಕ್ಷನ್ನಿಗೂ ಆಫ್ರಿಕಾದ ಹಕ್ಕಿಗೂ ಇರುವ ನಂಟು

ಇದನ್ನು ಓದಿದಾಗ ನನಗೇ ಆಶ್ಚರ್ಯ ಆಯಿತು. ಭಾರತದ ರಣಹದ್ದುಗಳನ್ನು ಕೊಂದದ್ದು ಡೈಕ್ಲೋಫೆನಾಕ್ ಎಂಬ ದನದ ನೋವಿನ ಔಷಧಿ ಅಂತ ನಿಮಗೆ ಗೊತ್ತಿರಬಹುದು. ಔಷಧಿ ತಗೊಂಡು ಸತ್ತ ದನವನ್ನು ತಿಂದರೆ ರಣಹದ್ದಿನ ಮೂತ್ರಪಿಂಡ ಕೆಟ್ಟು ಸಾಯುತ್ತೆ. 2006ರಲ್ಲಿ ನಮ್ಮ ದೇಶದಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಿದರು.

ಆದರೆ ಬದಲಿ ಔಷಧಿ ಬೇಕಲ್ಲ? ಮೆಲಾಕ್ಸಿಕಾಮ್ ಸುರಕ್ಷಿತವಾ ಅಂತ ಪರೀಕ್ಷೆ ಮಾಡಬೇಕಿತ್ತು. ನಮ್ಮಲ್ಲಿ ಉಳಿದಿದ್ದ ಹಕ್ಕಿಗಳೇ ಕಡಿಮೆ, ಅವುಗಳ ಮೇಲೆ ಮೊದಲೇ ಪ್ರಯೋಗ ಮಾಡೋದು ಅಪಾಯ. ಹಾಗಾಗಿ ಅವುಗಳ ಹತ್ತಿರದ ಬಂಧು, ಆಗ ಇನ್ನೂ ಸಾಕಷ್ಟಿದ್ದ ಆಫ್ರಿಕಾದ ಬೆಳ್ಬೆನ್ನಿನ ರಣಹದ್ದಿನ ಮೇಲೆ ದಕ್ಷಿಣ ಆಫ್ರಿಕಾದಲ್ಲಿ ಮೊದಲು ಪರೀಕ್ಷಿಸಿದರು. ಅಲ್ಲಿ ಸುರಕ್ಷಿತ ಅಂತ ಗೊತ್ತಾದ ಮೇಲೆ ಭಾರತದಲ್ಲಿ ನಮ್ಮ ಜಾತಿಗಳ ಮೇಲೆ. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಇವತ್ತು ನಮ್ಮ ಪಶುವೈದ್ಯರು ಹಸುವಿಗೆ ಧೈರ್ಯವಾಗಿ ಮೆಲಾಕ್ಸಿಕಾಮ್ ಕೊಡ್ತಾರೆ ಅಂದ್ರೆ ಅದರಲ್ಲಿ ಆ ಹಕ್ಕಿಗಳ ಪಾಲಿದೆ. ನಮ್ಮ ಹಕ್ಕಿಗೆ ದಾರಿ ತೋರಿಸಿದ ಆ ಜಾತಿ, ಮುಂದಿನ ಒಂಬತ್ತೇ ವರ್ಷದಲ್ಲಿ ತಾನೇ ಅಳಿವಿನಂಚಿನ ಪಟ್ಟಿಗೆ ಸೇರಿತು.

ಹಾಗಾದ್ರೆ ನಾವು ಏನು ಮಾಡಬೇಕು?

1. ಕೊಟ್ಟಿಗೆ ಮೊದಲು. ಚಿರತೆ ಮೆಶ್ ಹತ್ತುತ್ತೆ, ಆದ್ದರಿಂದ ಸುತ್ತ ಮಾತ್ರ ಅಲ್ಲ, ಮೇಲೂ ಮುಚ್ಚಿರಬೇಕು. ಕರು, ಕುರಿ, ಮೇಕೆಗಳನ್ನು ರಾತ್ರಿ ಬಯಲಲ್ಲಿ ಕಟ್ಟಬೇಡಿ. ಬಾಗಿಲಿನ ಕೆಳಗೆ ಸಂದು ಬಿಡಬೇಡಿ.

2. ಜಾನುವಾರು ಸತ್ತರೆ ಹೆಣ ಅಲುಗಿಸಬೇಡಿ. ಮೊಬೈಲಿನಲ್ಲಿ ಲೊಕೇಶನ್ ಸಮೇತ ಫೋಟೋ ತೆಗೆಯಿರಿ. ಅರಣ್ಯ ಇಲಾಖೆಗೆ ತಿಳಿಸಿ, ಸಹಾಯವಾಣಿ 1926. ಪಶುವೈದ್ಯರ ವರದಿ, ಮಹಜರು ಆದ ಮೇಲೆ ಪರಿಹಾರಕ್ಕೆ ಅರ್ಜಿ ಹಾಕಿ. ಹೆಣಕ್ಕೆ ವಿಷ ಹಾಕಿದರೆ ಪರಿಹಾರದ ಮಾತು ಹಾಗಿರಲಿ, ನಿಮ್ಮ ಮೇಲೇ ಕೇಸ್ ಆಗುತ್ತೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ವಿಷ ಹಾಕುವುದೂ ಬೇಟೆಯೇ.

3. ಉಳಿದ ಕೀಟನಾಶಕ ಯಾರಿಗೂ ಕೊಡಬೇಡಿ. ಅದರದೇ ಪ್ಯಾಕೆಟ್ಟಿನಲ್ಲಿ, ಲೇಬಲ್ ಸಮೇತ, ಬೀಗ ಹಾಕಿ ಇಡಿ. ಬಾವಿ, ಕೆರೆ, ತಿಪ್ಪೆಗೆ ಸುರಿಯಬೇಡಿ. ವಿಲೇವಾರಿ ಹೇಗೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

4. ವಿಷದ ಅನುಮಾನ ಬಂದ ಹೆಣ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳು, ನಾಯಿಗಳನ್ನು ದೂರ ಇಡಿ. ಫೋಟೋ ತೆಗೆದು ಕೂಡಲೇ ತಿಳಿಸಿ.

5. ದನದ ನೋವಿಗೆ ಮನುಷ್ಯರ ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಬೇಡಿ. ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ 2023ರಿಂದ ದನಗಳಿಗೆ ನಿಷೇಧ. ಮೆಲಾಕ್ಸಿಕಾಮ್ ಅಥವಾ ಟಾಲ್ಫೆನಾಮಿಕ್ ಆಮ್ಲ ಬರೆದುಕೊಡಿ ಅಂತ ವೈದ್ಯರನ್ನು ಕೇಳಿ.

6. ಇಲಿ ಪಾಷಾಣ ಇಟ್ಟರೆ ಬೆಳಿಗ್ಗೆ ಸತ್ತ ಇಲಿಗಳನ್ನು ಆರಿಸಿ ಹೂಳಿ. ಬ್ರೊಮಾಡಿಯೊಲೋನ್ ತಿಂದ ಇಲಿಯನ್ನು ತಿಂದ ಗೂಬೆಯೂ ಸಾಯಬಹುದು. ಒಂದು ಗೂಬೆ ಹೋದರೆ ಮುಂದಿನ ವರ್ಷ ಇಲಿ ಜಾಸ್ತಿ.

ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಅಂತ ಘೋಷಿಸಿದ್ದಾರೆ. ಅಲ್ಲಿ ಉಳಿದಿರೋದು ಬೆರಳೆಣಿಕೆಯ ಹಕ್ಕಿಗಳು. ನಾವಿರೋದು ಮಾಗಡಿ ಕಡೆ. ರಣಹದ್ದಿಗೆ ಅದು ದೂರವೇ ಅಲ್ಲ. ಮಾವನಿಗೆ ಆ ಹರಳು ಕೊಟ್ಟಿದ್ದರೆ ಚಿರತೆ ಸಾಯುತ್ತಿತ್ತೋ ಇಲ್ಲವೋ, ಬೇರೆ ಏನೇನು ಸಾಯುತ್ತಿತ್ತೋ ಲೆಕ್ಕ ಹಾಕಿದಾಗ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಆ ದಿನ ನಾನೇ ಫೋನ್ ಮಾಡಿ, ಫೋಟೋ ತೆಗೆದು, ಮಾವನ ಜೊತೆ ಮಹಜರಿಗೆ ನಿಂತೆ. ವಾರದ ಮೇಲೆ ಇಬ್ಬರೂ ಸೇರಿ ಅವರ ಕೊಟ್ಟಿಗೆಗೆ ಮೆಶ್ ಕಟ್ಟಿದ್ವಿ, ಮೇಲೆ ಶೀಟ್ ಹಾಕಿದ್ವಿ. ಮೆಶ್ ಬಿಗಿಯುವಾಗ ಸತ್ಯ ಹೇಳಿದೆ. "ಮಾವ, ಅವತ್ತು ಹರಳು ಇತ್ತು. ಸುಳ್ಳು ಹೇಳಿದೆ."

ಮಾವ ತಂತಿ ತಿರುಚೋದನ್ನು ನಿಲ್ಲಿಸಲಿಲ್ಲ. "ಗೊತ್ತಿತ್ತು ಕಣಮ್ಮ" ಅಂದರು. "ನಿನ್ನ ಅಟ್ಟದ ಮೇಲೆ ಪ್ಯಾಕೆಟ್ ಇರೋದು ನಾನು ನೋಡಿದ್ದೆ. ಕೊಡಲಿಲ್ಲವಲ್ಲ ಅಂತ ಸಿಟ್ಟು ಬಂದಿತ್ತು. ಇರ್ಲಿ, ಆ ಕಡೆ ಎಳಿ."

ನಿಮ್ಮ ಊರಲ್ಲಿ ಯಾರಾದ್ರೂ ಇಂಥದ್ದೇ ಒಂದು ಹಿಡಿ ಕೇಳಿದರೆ, ನನ್ನ ಥರ ಸುಳ್ಳು ಹೇಳಬೇಡಿ. ಕಾರಣ ಹೇಳಿ. ಹೇಳಿದ ಮೇಲೆ ಅವರ ಕೊಟ್ಟಿಗೆ ಗಟ್ಟಿ ಮಾಡೋಕೆ ಕೈ ಜೋಡಿಸಿ.

ಮುಂದಿನ ವಾರ ಮತ್ತೆ ತೋಟಕ್ಕೆ ಬರೋಣ.